ಕೆಂಪು ಕ್ಲಿಪ್ಪಿನ ಮನೆ

ನಮ್ಮ ಕಟ್ಟಡದ ಮೇಲಿನ ಮಹಡಿಯಲ್ಲಿದ್ದ ಆ ಹೆಂಗಸನ್ನು ಎಲ್ಲರೂ ತಂತಿಯಕ್ಕ ಎನ್ನುತ್ತಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಂತಿ ಪರೀಕ್ಷಿಸುವ ಕೆಲಸ ಮಾಡಿ ನಿವೃತ್ತಳಾದವಳು. ಸಾಲದ್ದಕ್ಕೆ ಮನೆಯ ಗೋಡೆಗಳುದ್ದಕ್ಕೂ ತಂತಿ ಎಳೆದುಕೊಂಡಿದ್ದಳು. ಆದರೆ ಅದೇ ಮನೆಯಲ್ಲಿದ್ದ ಅವಳ ಅಣ್ಣ ಕರೆಯುತ್ತಿದ್ದದ್ದು ಪುಕ್ಕಿ ಎಂದು. ಪುಕ್ಕಲಿ ಎಂಬುದನ್ನು ಮುದ್ದಿಗೆ ಮೊಟಕು ಮಾಡಿದ ಹೆಸರು. ಅವಳಿಗೆ ಒಪ್ಪುತ್ತಿದ್ದದ್ದು ಅದೇ.

ಹೆದರಿಕೆ ಅವಳ ಹುಟ್ಟುಗುಣ. ಗುಡುಗಿಗೆ ಹೆದರುತ್ತಿದ್ದಳು, ಬಾಗಿಲು ಬಡಿದರೆ ಹೆದರುತ್ತಿದ್ದಳು, ಯಾರೂ ಬಾಗಿಲು ಬಡಿಯದಿದ್ದರೆ ಅದಕ್ಕೂ ಹೆದರುತ್ತಿದ್ದಳು. ಎಕ್ಸ್‌ಚೇಂಜಿನಲ್ಲಿ ಒಂದು ತಂತಿ ಕಿತ್ತರೆ ಎಲ್ಲೋ ಒಬ್ಬರ ಮಾತು ಕಡಿದುಬೀಳುತ್ತದೆ. ಆ ಒಬ್ಬರು ಡಾಕ್ಟರನ್ನು ಕರೆಯುತ್ತಿದ್ದರೆ? ಈ ಯೋಚನೆ ಹೊಕ್ಕ ಮೇಲೆ ಅವಳು ಯಾವ ತಂತಿಯನ್ನೂ ಕಣ್ಣಿನಿಂದ ನೋಡಿ ಕಿತ್ತವಳಲ್ಲ. ಬೆರಳುಗಳ ನಡುವೆ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸವರಿಕೊಂಡು ಹೋಗಿ, ಇದೇ ಎಂದು ಕೈಗೆ ಖಾತ್ರಿಯಾದ ಮೇಲಷ್ಟೇ ಕೀಳುತ್ತಿದ್ದಳು. "ಅಕ್ಕ ತಂತಿಗೆ ತಲೆ ಬಾಚ್ತಿದ್ದಾಳೆ, ಜಡೆ ಹಾಕೋದೊಂದು ಬಾಕಿ" ಎಂದು ಜೊತೆಯವರು ನಗುತ್ತಿದ್ದರು. ಅವಳು ಕೆಲಸದಲ್ಲಿದ್ದಷ್ಟು ಕಾಲ ತಪ್ಪು ತಂತಿ ಕಿತ್ತ ದೂರು ಅವಳ ಮೇಲೆ ಬರಲಿಲ್ಲ.

ಅಣ್ಣ ತದ್ವಿರುದ್ಧ. ರೇಡಿಯೋ, ಟಿವಿ ರಿಪೇರಿ ಅಂಗಡಿ ಇಟ್ಟಿದ್ದ ಮಾತಿನಮಲ್ಲ. ರೇಡಿಯೋ ಕೊಡಲು ಬಂದವರು ಅವನ ಮಾತು ಕೇಳಿ ಕುಳಿತು, ರೇಡಿಯೋ ಕಂಕುಳಲ್ಲೇ ಇಟ್ಟುಕೊಂಡು ಮನೆಗೆ ಹೋದದ್ದುಂಟು. ಕೀಬೋರ್ಡೊಳಗೇ ಇಡೀ ಕಂಪ್ಯೂಟರ್ ಅಡಗಿರುವ, ಟಿವಿಗೆ ಸಿಕ್ಕಿಸಿ ನೋಡಬೇಕಾದ ಹಳೆಯ ಮನೆ ಕಂಪ್ಯೂಟರುಗಳು ಒಂದು ಕಾಲಕ್ಕೆ ಗುಜರಿಗೆ ಬಿದ್ದವು. ಅವನು ಒಂದೇ ಜಾತಿಯ ಮೂರನ್ನು ಆರಿಸಿ ತಂದು ದುರಸ್ತಿ ಮಾಡಿದ. ಹೆಂಡತಿ ತೀರಿಕೊಂಡ ಮೇಲೆ ಸಂಜೆಗಳೆಲ್ಲ ಅವುಗಳ ಮುಂದೆಯೇ ಕಳೆಯುತ್ತಿದ್ದವು. ಆ ಯಂತ್ರಗಳಿಗೆ ಕನ್ನಡ ಬರುತ್ತಿರಲಿಲ್ಲ. ಅಕ್ಷರಗಳನ್ನು ಚುಕ್ಕಿ ಚುಕ್ಕಿಯಾಗಿ ತಾನೇ ಬರೆದು ಕಲಿಸಿದ.

ಆಮೇಲೆ ನರದ ಕಾಯಿಲೆ ಬಂತು. ಮೊದಲು ಕಾಲಿನ ಚಪ್ಪಲಿ ಜಾರಿತು, ನಂತರ ಕೈಯ ಸ್ಕ್ರೂಡ್ರೈವರ್ ಜಾರಿತು, ಕೊನೆಗೆ ನಾಲಿಗೆ. ಏನು ಬರಲಿದೆ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರಿಂದ, ಬೆರಳುಗಳು ಆಡುತ್ತಿರುವಾಗಲೇ ಅವನು ತನಗಾಗಿ ಒಂದು ಮಾತಿನ ಹಲಗೆಯನ್ನು ಆ ಯಂತ್ರದಲ್ಲಿ ಕಟ್ಟಿಕೊಂಡ. ಪರದೆಯ ಮೇಲೆ ಪದಗಳ ಸಾಲುಗಳು. ಬೆಳಕು ಸಾಲಿನಿಂದ ಸಾಲಿಗೆ ಇಳಿಯುತ್ತದೆ. ಬೇಕಾದ ಸಾಲಿಗೆ ಬಂದಾಗ ಗುಂಡಿ ಒತ್ತಿದರೆ ಆ ಸಾಲಿನ ಪದಗಳ ಮೇಲೆ ಒಂದೊಂದಾಗಿ ಸರಿಯುತ್ತದೆ. ಮತ್ತೆ ಒತ್ತಿದರೆ ಆ ಪದ ಅವನ ಮಾತಾಗುತ್ತದೆ. ಎಲ್ಲ ಹೋದ ಮೇಲೂ ಬಲಗೈ ತೋರುಬೆರಳು ಉಳಿಯಿತು. ಕಣ್ಣಿನ ಚಲನೆ ಹಿಡಿಯುವ ಹೊಸ ಸಾಧನವನ್ನೂ ಮಗ ತಂದು ನೋಡಿದ. ಸದಾ ನೀರೂರುವ ಆ ಕಣ್ಣುಗಳಿಗೆ ಅದು ಒಗ್ಗಲಿಲ್ಲ. "ಬೆರಳು ಕಲಿತದ್ದು ಇದು. ಇದೇ ಇರಲಿ" ಎಂದು ಅವನು ಹಲಗೆಯ ಮೇಲೆ ಹೇಳಿದ. ಹಲಗೆಯ ಮೊದಲ ಸಾಲಿನ ಮೊದಲ ಪದ ಪುಕ್ಕಿ. ಎರಡನೆಯದು ಕಫ. ಗಂಟಲಿಗೆ ಕಫ ಕಟ್ಟಿದರೆ ಯಾರಾದರೂ ಓಡಿಬಂದು ಕಫ ಎಳೆಯುವ ಯಂತ್ರದ ಕೊಳವೆಯನ್ನು ಬಾಯೊಳಗೆ ಹಾಕಿ ಎಳೆಯಬೇಕಿತ್ತು. ತಡವಾದರೆ ಉಸಿರು ನಿಲ್ಲುತ್ತದೆ.

ಮೂರು ಯಂತ್ರಗಳಲ್ಲಿ ಒಂದು ಅವನ ಮಂಚದ ಪಕ್ಕ, ಒಂದು ಅಡುಗೆಮನೆಯಲ್ಲಿ, ಒಂದು ಅವನ ಸೊಸೆ ಪರದೆ ಬಟ್ಟೆ ಹೊಲಿಯುತ್ತಿದ್ದ ಹಿಂದಿನ ಕೋಣೆಯಲ್ಲಿ. ಮೂರರಿಂದಲೂ ಹೊರಟ ತಂತಿಗಳು ನಡುಮನೆಯ ಗೋಡೆಗೆ ಹೊಡೆದ ಒಂದು ಬಿಸ್ಕತ್ತು ಡಬ್ಬಿಯೊಳಗೆ ಸೇರುತ್ತಿದ್ದವು. ಹಿಂದೆ ಫ್ಲಾಪಿಗಳಲ್ಲಿದ್ದದ್ದೆಲ್ಲ ಈಗ ಆ ಡಬ್ಬಿಯಲ್ಲಿನ ಒಂದು ಮೆಮೊರಿ ಕಾರ್ಡಿನಲ್ಲಿ, ಬೇರೆಬೇರೆ ಡಿಸ್ಕುಗಳಾಗಿ ಇತ್ತು; ಯಾವ ಡಿಸ್ಕು ಬೇಕೆಂದು ಡಬ್ಬಿಯ ತಿರುಗುಗುಂಡಿಯಿಂದ ಆರಿಸಬೇಕಿತ್ತು. ಮೂರು ಯಂತ್ರಗಳೂ ತೆರೆಯುತ್ತಿದ್ದದ್ದು ಒಂದೇ ಡಿಸ್ಕನ್ನು. ಅಣ್ಣ ಹೇಳಿದ ಮಾತು ಅದರ ಮೇಲೆ ಬೀಳುತ್ತಿದ್ದಂತೆ ಉಳಿದೆರಡು ಯಂತ್ರಗಳು ಕುಂಯ್ ಎಂದು ಅದನ್ನು ಓದಿ ತೋರಿಸುತ್ತಿದ್ದವು. ಒಲೆ ಮುಂದೆ ನಿಂತ ತಂಗಿಗೂ ಹೊಲಿಗೆ ಮೇಲೆ ಬಗ್ಗಿದ ಸೊಸೆಗೂ ಅವನು ಕರೆದದ್ದು ತಿಳಿಯುತ್ತಿತ್ತು. ಹೊಸ ಪದ ಬೇಕಾದಾಗ ಸೊಸೆಯೋ ತಂಗಿಯೋ ತಮ್ಮ ಯಂತ್ರದಿಂದಲೇ ಸೇರಿಸುತ್ತಿದ್ದರು.

ಇದರಲ್ಲೊಂದು ಅಪಾಯವಿತ್ತು. ಡಿಸ್ಕಿನಲ್ಲಿ ಎಲ್ಲಿ ಖಾಲಿ ಜಾಗವಿದೆ ಎಂಬ ಲೆಕ್ಕವನ್ನು ಪ್ರತಿಯೊಂದು ಯಂತ್ರವೂ ತನ್ನ ತಲೆಯಲ್ಲಿ ಬೇರೆಬೇರೆಯಾಗಿ ಇಟ್ಟುಕೊಳ್ಳುತ್ತದೆ. ಎರಡು ಯಂತ್ರಗಳು ಒಟ್ಟಿಗೆ ಬರೆಯಹೊರಟರೆ, ಒಂದೇ ಖಾಲಿ ಸೈಟನ್ನು ಇಬ್ಬರಿಗೆ ಮಾರಿದಂತೆ. ಒಬ್ಬರ ಗೋಡೆಯ ಮೇಲೆ ಇನ್ನೊಬ್ಬರು ಗೋಡೆ ಕಟ್ಟುತ್ತಾರೆ, ಕೊನೆಗೆ ಇಬ್ಬರ ಮನೆಯೂ ಇಲ್ಲ. ಬೇಡ ಎಂದು ತಡೆಯುವ ಬುದ್ಧಿ ಡಬ್ಬಿಗೆ ಇರಲಿಲ್ಲ. ಆದ್ದರಿಂದ ಅಣ್ಣ ನಾಲಿಗೆ ಇರುವಾಗಲೇ ಒಂದು ಕಟ್ಟಳೆ ಮಾಡಿದ್ದ. ಪ್ರತಿ ಯಂತ್ರದ ಬೆನ್ನಿಗೂ ಒಂದು ಸ್ವಿಚ್ಚು: ಮೇಲಕ್ಕೆ ತಳ್ಳಿದರೆ ಬರೆಯುವುದು, ಕೆಳಕ್ಕೆ ತಳ್ಳಿದರೆ ಓದುವುದು ಮಾತ್ರ. ಮೇಲಕ್ಕೆ ತಳ್ಳುವ ಹಕ್ಕು ಕೆಂಪು ಕ್ಲಿಪ್ಪು ಯಾರ ಯಂತ್ರಕ್ಕೆ ಸಿಕ್ಕಿಸಿದೆಯೋ ಅವರಿಗೆ. ಬಟ್ಟೆ ಒಣಹಾಕುವ ಮಾಮೂಲು ಕ್ಲಿಪ್ಪು. ಮನೆಯ ಉಳಿದ ಕ್ಲಿಪ್ಪುಗಳೆಲ್ಲ ನೀಲಿ. ಕೆಂಪು ಒಂದೇ ಒಂದು. ಸಾಮಾನ್ಯವಾಗಿ ಅದು ಅಣ್ಣನ ಯಂತ್ರದ ಮೇಲಿರುತ್ತಿತ್ತು. ತೆಗೆದುಕೊಳ್ಳುವವರು ಮೊದಲು ಅವನ ಸ್ವಿಚ್ಚನ್ನು ಕೆಳಕ್ಕೆ ತಳ್ಳಿ, ಅವನ ಪಕ್ಕ ಒಬ್ಬರನ್ನು ಕೂರಿಸಿ, ಆಮೇಲೆ ತೆಗೆದುಕೊಳ್ಳಬೇಕು. ಕ್ಲಿಪ್ಪು ಕೈಯಲ್ಲಿದ್ದರೆ ಮತ್ತೆ ಯಾರನ್ನೂ ಕೇಳಬೇಕಾಗಿಲ್ಲ. "ಒಂದು ಒರೆಗೆ ಎರಡು ಕತ್ತಿ ಬೇಡ" ಎಂದಿದ್ದ ಅಣ್ಣ. ದಿನಕ್ಕೆ ಹತ್ತು ಸಲ "ಕ್ಲಿಪ್ಪು ಯಾರ ಹತ್ರ?" ಎಂಬ ಕೂಗು ಮೆಟ್ಟಿಲವರೆಗೂ ಕೇಳುತ್ತಿತ್ತು.

ಡಿಸ್ಕಿಗೆ ಇನ್ನೊಂದು ಪ್ರತಿ ಇರಲಿಲ್ಲವೇ ಎಂದು ಓದುವವರು ಕೇಳಬಹುದು. ಇತ್ತು, ಆದರೆ ತೀರ ಹಳೆಯದು. ಆಮೇಲೆ ಸೇರಿಸಿದ ಪದಗಳೇ ಹೆಚ್ಚು. ಪ್ರತಿ ತೆಗೆಯಲು ಹಲಗೆಯನ್ನು ಮುಚ್ಚಬೇಕಿತ್ತು, ಅಷ್ಟು ಹೊತ್ತು ಅಣ್ಣ ಪೂರ್ತಿ ಮೂಕ. ಆ ಹೊತ್ತಿನಲ್ಲೇ ಏನಾದರೂ ಆದರೆ? ತಂತಿಯಕ್ಕ ಈ ವಾರ ಬೇಡ, ಬರುವ ವಾರ ಎಂದು ಮುಂದೂಡುತ್ತಲೇ ಬಂದಳು. ಹೆದರಿಕೆಯಿಂದ ಅವಳು ಮಾಡಿದ ಒಳ್ಳೆಯ ಕೆಲಸಗಳು ಬಹಳ. ಇದು ಹೆದರಿಕೆಯಿಂದ ಮಾಡಿದ ತಪ್ಪು.

ಆ ದಿನ ಮಧ್ಯಾಹ್ನ ಮೋಡ ಕವಿದು ಕೋಣೆಗಳು ಕತ್ತಲಾಗಿದ್ದವು. ಒದ್ದೆ ಬಟ್ಟೆಗಳನ್ನು ನಡುಮನೆಯಲ್ಲೇ ಹಗ್ಗ ಕಟ್ಟಿ ಹರವಿದ್ದರು. ಒಲೆಯ ಮೇಲೆ ಹಾಲಿಟ್ಟು ಬಂದ ತಂತಿಯಕ್ಕನ ಕಣ್ಣಿಗೆ ಒಂದು ಟವೆಲಿನ ತುದಿಯಲ್ಲಿ ಕೆಂಪು ಕ್ಲಿಪ್ಪು ಬಿತ್ತು. ಸೊಸೆ ಪದ ಸೇರಿಸಲು ಕ್ಲಿಪ್ಪು ತೆಗೆದುಕೊಂಡವಳು ಬಟ್ಟೆ ಹರವುವ ಗಡಿಬಿಡಿಯಲ್ಲಿ ಹಗ್ಗಕ್ಕೆ ಸಿಕ್ಕಿಸಿಬಿಟ್ಟಿದ್ದಾಳೆ ಎಂದುಕೊಂಡಳು. ಬಯ್ಯುವುದು ಆಮೇಲೆ. ಬೆಳಿಗ್ಗೆ ಅಣ್ಣ 'ಫ್ಯಾನ್', 'ಗಾಳಿ', 'ಕಣ್ಣು' ಎಂದು ಮೂರು ಪದ ಹುಡುಕಿ ಸುಸ್ತಾಗಿದ್ದ. ಅದನ್ನು ಒಂದೇ ಮಾತಾಗಿ ಸೇರಿಸಿ ನಂತರ ಕ್ಲಿಪ್ಪನ್ನು ಅದರ ಜಾಗಕ್ಕೆ ಮುಟ್ಟಿಸೋಣ ಎಂದು ಅಡುಗೆಮನೆಯ ಯಂತ್ರಕ್ಕೆ ಅದನ್ನು ಸಿಕ್ಕಿಸಿ, ಸ್ವಿಚ್ಚು ಮೇಲಕ್ಕೆ ತಳ್ಳಿದಳು. ಕ್ಲಿಪ್ಪು ಹೊರಗಿದೆ ಎಂದರೆ ಅಣ್ಣನ ಸ್ವಿಚ್ಚು ಕೆಳಗಿದೆ, ಪಕ್ಕದಲ್ಲಿ ಮಗನನ್ನು ಕೂರಿಸಿದ್ದಾಳೆ, ಕಟ್ಟಳೆ ಹಾಗೆ. ತಂತಿಯನ್ನಾಗಿದ್ದರೆ ತುದಿಯವರೆಗೆ ಸವರಿ ನೋಡುತ್ತಿದ್ದಳು. ಕ್ಲಿಪ್ಪನ್ನು ನಂಬಿದಳು.

ಮಾತು ಬರೆದು ಉಳಿಸಿದಳು. ಯಂತ್ರ ಕುಂಯ್ ಎಂದಿತು. ಅಣ್ಣ ಏನೋ ಹೇಳಿದ್ದಾನೆ. ನೋಡಿದರೆ ಪರದೆಯ ಮೇಲೆ ಅರ್ಧ ಅಕ್ಷರ, ತಲೆಯಿಲ್ಲದ ಒತ್ತಕ್ಷರ, ಚೌಕಗಳು. ಮತ್ತೆ ಕುಂಯ್. ಇನ್ನಷ್ಟು ಚೌಕಗಳು. ಅಣ್ಣನ ಯಂತ್ರವೂ ಬರೆಯುತ್ತಿದೆ. ಬರೆಯುತ್ತಿದೆ ಎಂದರೆ ಅವನ ಸ್ವಿಚ್ಚು ಮೇಲಿದೆ.

ಅವಳು ಓಡಿದಳು. ಅಣ್ಣನ ಮುಖ ಕಪ್ಪಿಟ್ಟಿತ್ತು, ಕಣ್ಣು ಬಾಗಿಲಿಗೇ ನೆಟ್ಟಿತ್ತು. ಅವನ ಸ್ವಂತ ಪರದೆಯ ಮೇಲೆ ಪದಗಳು ಸ್ಪಷ್ಟವಾಗಿದ್ದವು: ಕಫ. ಪುಕ್ಕಿ. ಕಫ. ಅವಳು ಎತ್ತಿಕೊಂಡ ಕೊಳವೆ ಮೊದಲ ಸಲ ತುಟಿಗೆ ತಾಗಿ ಜಾರಿತು. ಎರಡನೇ ಸಲ ಒಳಗೆ ಹೋಯಿತು. ಯಂತ್ರ ಗೊರಗೊರ ಎಂದು ಎಳೆಯಿತು. ಅಣ್ಣನ ಮುಖಕ್ಕೆ ಬಣ್ಣ ಮರಳಿತು. ಅವಳ ಮುಖಕ್ಕೆ ಮರಳಲಿಲ್ಲ. ಪರದೆ ನೋಡದೆ ಹಾಲಿನ ಕಡೆ ತಿರುಗಿ ನಿಂತಿದ್ದರೆ?

ಆಗಲೇ ಅವಳು ಕಂಡದ್ದು: ಅಣ್ಣನ ಯಂತ್ರದ ಮೇಲೆ, ತನ್ನ ಜಾಗದಲ್ಲೇ, ಕೆಂಪು ಕ್ಲಿಪ್ಪು.

ಗದ್ದಲ ಕೇಳಿ ಸೊಸೆಯೂ ಮಗನೂ ಬಂದರು. ಮಗ ಅಚ್ಚಿನ ಮನೆಯಲ್ಲಿ ಪಾಳಿ ಮುಗಿಸಿ ಬಂದು ಮಲಗಿದ್ದವನು.

"ಅಡುಗೆಮನೇಲೂ ಕೆಂಪು ಕ್ಲಿಪ್ಪಿದೆ" ಎಂದಳು ತಂತಿಯಕ್ಕ. "ಟವೆಲಿಗಿತ್ತು. ಎಲ್ಲಿಂದ ಬಂತೇ ಅದು?"

ಸೊಸೆ ಬಾಯಿಗೆ ಕೈ ಇಟ್ಟುಕೊಂಡಳು. "ಅಯ್ಯೋ ಅತ್ತೆ, ಹೊಸ ಪ್ಯಾಕೆಟ್ಟಿಂದು. ನೀಲಿ ಮಾತ್ರ ಕೊಡಪ್ಪ ಅಂದ್ರೆ ಅಂಗಡಿಯವನು ಬಣ್ಣಬಣ್ಣದ್ದು ಕೊಟ್ಟ. ಕೆಂಪೆಲ್ಲ ಆರಿಸಿ ಕಸಕ್ಕೆ ಹಾಕ್ದೆ. ಒಂದು ಉಳ್ಕೊಂಡುಬಿಟ್ಟಿದ್ಯಾ?"

"ಹಿಂದಿನ ಕೋಣೆ ಯಂತ್ರ ಏನು ತೋರಿಸ್ತಿದೆ?"

"ಏನೂ ಇಲ್ಲ. ಡಿಸ್ಕ್ ಖಾಲಿ ಅಂತಿದೆ. ನಾನು ವೈರ್ ಸಡಿಲ ಆಗಿದ್ಯೇನೋ ಅಂದ್ಕೊಂಡೆ."

ಡಿಸ್ಕ್ ಹಾಳಾಗಿತ್ತು. ಇಷ್ಟು ವರ್ಷಗಳಲ್ಲಿ ಒಂದೊಂದಾಗಿ ಕೂಡಿಸಿದ ಪದಗಳೆಲ್ಲ.

ಮಗ ಆಕಳಿಸಿದ. "ಇಷ್ಟಕ್ಕೆ ಯಾಕತ್ತೆ ಹೀಗೆ ಬೆವರ್ತಿದ್ದೀಯ? ಮೂರನ್ನೂ ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ರೆ ಸರಿಹೋಗುತ್ತೆ." ಅವನ ಕೈ ಮಂಚದ ಪಕ್ಕದ ಪ್ಲಗ್ಗಿಗೆ ಹೋಯಿತು.

"ಮುಟ್ಟಬೇಡ!"

ಆ ಕೂಗು ನನಗೆ ಕೆಳಗಿನ ಮಹಡಿಯಲ್ಲಿ ಕೇಳಿಸಿತು. ಅವಳ ಗಂಟಲಲ್ಲಿ ಅಂಥದ್ದೊಂದು ಇದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಮಗನ ಕೈ ಗಾಳಿಯಲ್ಲೇ ನಿಂತಿತು.

"ಅವನ ಪರದೆ ನೋಡೋ. ಸಾಲು ಎಲ್ಲ ಸರಿಯಾಗೇ ಇದೆ. ಬೆಳಿಗ್ಗೆ ಡಿಸ್ಕಿಂದ ಓದಿಕೊಂಡಿದ್ದು ಇನ್ನೂ ಅದರ ತಲೇಲಿ ಇದೆ. ಆಫ್ ಮಾಡಿದ್ರೆ ಅದೂ ಹೋಯ್ತು. ಅಲ್ಲಿಗೆ ನಿಮ್ಮಪ್ಪನ ಬಾಯಿ ಮುಚ್ಚಿದ ಹಾಗೇ."

ಹೊರಗೆ ಗುಡುಗಿತು. ದೀಪ ಒಮ್ಮೆ ಮಂಕಾಗಿ ಮತ್ತೆ ಹೊತ್ತಿತು. ಟಿವಿಯ ಚಿತ್ರ ಕುಗ್ಗಿ ಹಿಗ್ಗಿತು. ನಾಲ್ವರ ಕಣ್ಣೂ ಅದರ ಮೇಲೆಯೇ. ಸಾಲುಗಳು ಇದ್ದವು. ಮನೆಯಲ್ಲಿದ್ದ ಒಂದೇ ಬ್ಯಾಟರಿ ಕಫ ಎಳೆಯುವ ಯಂತ್ರಕ್ಕೆ ಮೀಸಲು. ಕರೆಂಟು ಹೋದರೆ ಕಂಪ್ಯೂಟರಿಗೆ ಅದು ದಕ್ಕುತ್ತಿರಲಿಲ್ಲ. ಬ್ಯಾಟರಿಯನ್ನು ಇದಕ್ಕೆ ಬದಲಾಯಿಸೋಣ ಎಂದು ಮಗ ಹೇಳಿದ. ಬದಲಾಯಿಸಲು ಪ್ಲಗ್ಗು ಕಿತ್ತೇ ಕೀಳಬೇಕೆಂದು ಸೊಸೆ ಹೇಳಿದಳು.

ಅಣ್ಣನ ಬೆರಳು ಆಡಿತು. ಬೆಳಕು ಇಳಿಯಿತು, ನಿಂತಿತು, ಸರಿಯಿತು, ನಿಂತಿತು. ಪುಕ್ಕಿ. ಡಬ್ಬಿ. ಎರಡು. ತಂತಿ. ಕೀಳು. ಅವರು ಕಾದರು. ನನ್ನದು. ಬೇಡ.

"ಹೊಸ ಡಿಸ್ಕಿಗೆ ಬರೀತಾನೆ" ಎಂದಳು ತಂತಿಯಕ್ಕ. "ಮೊದಲು ಉಳಿದೆರಡು ಯಂತ್ರ ಬಿಡಿಸಬೇಕು. ಅವು ಮಧ್ಯೆ ಬಾಯಿ ಹಾಕಿದ್ರೆ ಇದೂ ಹೋಗುತ್ತೆ."

ಡಬ್ಬಿಯ ಮುಚ್ಚಳ ತೆಗೆದಳು. ಮೂರು ಕಪ್ಪು ತಂತಿಗಳು. ಗುರುತಿಗೆ ಕಟ್ಟಿದ್ದ ಬಣ್ಣದ ದಾರಗಳು ಅಡುಗೆಮನೆಯ ಹೊಗೆ, ಧೂಳು ಕುಡಿದು ಮೂರೂ ಒಂದೇ ಬೂದಿ ಬಣ್ಣವಾಗಿದ್ದವು. ತಪ್ಪು ತಂತಿ ಕಿತ್ತರೆ, ಆ ಹಳೆಯ ಹಲಗೆ ಡಿಸ್ಕ್ ಕಾಣದೆ ಗರಬಡಿದು ನಿಲ್ಲುವ ಸಂಭವವಿತ್ತು. ಹಿಂದೊಮ್ಮೆ ನಿಂತಿತ್ತು.

"ಎಡಗಡೇದು ಅಡುಗೆಮನೇದು ಅತ್ತೆ, ನನಗೆ ಚೆನ್ನಾಗಿ ನೆನಪಿದೆ" ಎಂದ ಮಗ.

ಅವಳು ಎಡಗಡೆಯ ತಂತಿಯನ್ನು ಬೆರಳುಗಳ ನಡುವೆ ಹಿಡಿದು ಗೋಡೆಗುಂಟ ನಡೆದಳು. ಒದ್ದೆ ಬಟ್ಟೆಗಳ ಕೆಳಗೆ ಬಗ್ಗಿ, ಕಪಾಟಿನ ಹಿಂದೆ ಕೈ ತೂರಿಸಿ, ಬಾಗಿಲಿನ ಚೌಕಟ್ಟು ಹತ್ತಿಸಿ. ಅಡುಗೆಮನೆಯಿಂದ ಸೀದ ವಾಸನೆ ಬರುತ್ತಿತ್ತು, ಸೊಸೆ ಓಡಿ ಒಲೆ ಆರಿಸಿದಳು. ಮತ್ತೆ ಗುಡುಗಿತು. "ಬೇಗ ಅತ್ತೆ, ಕರೆಂಟ್ ಹೋಗುತ್ತೆ!" ಎಂದು ಮಗ ಕಿರುಚಿದ. ಗುಡುಗಿಗೆ ಅವಳ ಭುಜ ಬೆಚ್ಚಿಬಿತ್ತು. ಬೆರಳು ತಂತಿ ಬಿಡಲಿಲ್ಲ.

ಎಡಗಡೆಯ ತಂತಿ ಹೋಗಿ ಮುಟ್ಟಿದ್ದು ಅಣ್ಣನ ಮಂಚವನ್ನು.

ಮಗ ಗೋಡೆಗೊರಗಿ ಕುಳಿತುಬಿಟ್ಟ. ಉಳಿದೆರಡನ್ನು ಅವಳು ಕಿತ್ತಳು. ಡಬ್ಬಿಯ ತಿರುಗುಗುಂಡಿಯನ್ನು ಖಾಲಿ ಡಿಸ್ಕಿನ ಗುರುತಿಗೆ ತಿರುಗಿಸಿ, "ಅಣ್ಣಾ, ಹಾಕಿದ್ದೀನಿ" ಎಂದು ಕೂಗಿದಳು.

ಇನ್ನು ಉಳಿದದ್ದು ಅವನ ಬೆರಳಿನ ಕೆಲಸ. 'ಎಲ್ಲ ಬರೆ' ಎಂಬುದು ಕೊನೆಯ ಸಾಲಿನಲ್ಲಿತ್ತು; ಅಪ್ಪಿತಪ್ಪಿ ಒತ್ತಬಾರದೆಂದು ಅವನೇ ಅಲ್ಲಿಟ್ಟಿದ್ದ. ಬೆಳಕು ಮೇಲಿನಿಂದ ಇಳಿದುಬಂತು. ಬೆರಳು ಒತ್ತುವಷ್ಟರಲ್ಲಿ ಸಾಲು ದಾಟಿ ಮೇಲಕ್ಕೆ ಹೋಯಿತು. ಮತ್ತೆ ಮೊದಲಿನಿಂದ. ಕಫ ಎಳೆಸಿಕೊಂಡು ದಣಿದ ಬೆರಳು ಎರಡನೇ ಸುತ್ತಿನಲ್ಲೂ ತಪ್ಪಿತು. ಅವನ ಬೆರಳನ್ನು ತಾನು ಒತ್ತಿಬಿಡಲೇ ಎಂದು ಮಗ ಮುಂದೆ ಬಂದ. ಅಪ್ಪನ ಕಣ್ಣು ನೋಡಿ ಹಿಂದೆ ಸರಿದ. ಮೂರನೇ ಸುತ್ತಿನಲ್ಲಿ ಬೆಳಕು ನಿಂತಿತು.

ಹಳೆಯ ಯಂತ್ರ, ನಿಧಾನ. ಡಬ್ಬಿಯ ಪುಟ್ಟ ದೀಪ ಮಿನುಗುತ್ತಾ ಹೋಯಿತು. ತಂತಿಯಕ್ಕ ಅದನ್ನು ನೋಡುತ್ತಾ ಸೆರಗಿನ ತುದಿಯನ್ನು ಬಾಯಲ್ಲಿ ಕಚ್ಚಿ ನಿಂತಿದ್ದಳು. 'ಬರೆದಾಯಿತು' ಎಂದು ಪರದೆ ಹೇಳಿತು. ಸೊಸೆ ಉಸಿರು ಬಿಡುವಷ್ಟರಲ್ಲಿ ಕರೆಂಟು ಹೋಯಿತು.

ಬರೆದಾಯಿತು ಎಂದದ್ದು ನಿಜವೇ, ಹೊಸ ಡಿಸ್ಕಿನಲ್ಲಿ ಕೂತಿದೆಯೇ, ಅದೂ ಕಲಸಿದೆಯೇ? ಕರೆಂಟು ಬರುವವರೆಗೆ ತಿಳಿಯುವ ಹಾಗಿರಲಿಲ್ಲ. ಅವಳು ಮಂಚದ ಪಕ್ಕ ಕುಳಿತು ಅಣ್ಣನ ಬೆರಳನ್ನು ಅಂಗೈಯಲ್ಲಿ ಇರಿಸಿಕೊಂಡಳು.

"ಉಸಿರು ಸರಿ ಇದ್ಯಾ? ಇದ್ರೆ ಒಂದ್ಸಲ ಒತ್ತು."

ಬೆರಳು ಒತ್ತಿತು. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದಳು. ಮತ್ತೆ ಒತ್ತಿತು. ಎಷ್ಟು ಸಲ ಕೇಳಿದಳೆಂದರೆ ಕೊನೆಗೆ ಅವನು ಒತ್ತದೆ ಬಿಟ್ಟ, ಅವಳು ಹೌಹಾರಿ ಎದ್ದು ನಿಂತಳು. "ಅಪ್ಪ ಬೇಕೂಂತ ಮಾಡ್ತಿದ್ದಾರೆ ಅತ್ತೆ, ಕಣ್ಣು ನೋಡು" ಎಂದ ಮಗ. ಕಣ್ಣು ನಗುತ್ತಿತ್ತು.

ದೀಪ ಬಂದದ್ದು ಸಂಜೆಗೆ. ಯಂತ್ರ ಹಚ್ಚಿದವಳು ಸೊಸೆ. ತಂತಿಯಕ್ಕ ಗೋಡೆಯ ಕಡೆ ತಿರುಗಿ ನಿಂತಿದ್ದಳು. ಮೊದಲ ಸಾಲು ಬಂತು, ಎರಡನೆಯದು ಬಂತು, ಒಂದೊಂದಾಗಿ ಎಲ್ಲ ಬಂದವು. ಬಾರದೆ ಉಳಿದದ್ದೂ ಇತ್ತು. ಅಂಗಡಿಯ ದಿನಗಳ ಬಗ್ಗೆ ಅವನು ತಿಂಗಳುಗಟ್ಟಲೆ ಒಂದೊಂದೇ ಪದ ಒತ್ತಿ ಬರೆದಿಟ್ಟಿದ್ದ ಪುಟಗಳು ಡಿಸ್ಕಿನಲ್ಲಿ ಮಾತ್ರ ಇದ್ದವು, ಯಂತ್ರದ ತಲೆಯಲ್ಲಿ ಇರಲಿಲ್ಲ. ಅವು ಹೋದವು. ಅದನ್ನು ಅವನಿಗೆ ಹೇಳಿದವಳು ತಂತಿಯಕ್ಕನೇ, ಅಂದೇ, ಅಳದೆ. ಆಮೇಲೆ ಅಡುಗೆಮನೆಯ ಸ್ವಿಚ್ಚನ್ನು ಕೆಳಕ್ಕೆ ತಳ್ಳಿ, ಕಿತ್ತಿದ್ದ ಎರಡೂ ತಂತಿಗಳನ್ನು ಡಬ್ಬಿಗೆ ಮತ್ತೆ ಸಿಕ್ಕಿಸಿದಳು. ಕೊನೆಗೆ ಅಡುಗೆಮನೆಯಲ್ಲೂ ಹಿಂದಿನ ಕೋಣೆಯಲ್ಲೂ ಕುಂಯ್ ಎಂದಿತು.

ಪುಕ್ಕಿ. ಹಾಲು. ಸೀದಿದೆ.

ಅಷ್ಟು ಹೊತ್ತಿಗೆ ಪಾತ್ರೆ ತೊಳೆದೂ ಆಗಿತ್ತು.

ಇಂಥ ಘಟನೆಯ ಮೇಲೆ ಮನುಷ್ಯರು ಧೈರ್ಯವಂತರಾಗುತ್ತಾರೆ ಎಂದು ಕಥೆಗಳಲ್ಲಿ ಬರುತ್ತದೆ. ತಂತಿಯಕ್ಕ ಆಗಲಿಲ್ಲ. ಬಣ್ಣದ ಕ್ಲಿಪ್ಪುಗಳ ಪ್ಯಾಕೆಟ್ಟನ್ನು ಇಡಿಯಾಗಿ ಕಸಕ್ಕೆ ಹಾಕಿ ಬಟ್ಟೆಗಳನ್ನು ಹಗ್ಗದ ಮೇಲೆ ಗಂಟು ಹಾಕಿ ಒಣಗಿಸತೊಡಗಿದಳು. ಕ್ಲಿಪ್ಪು ಕೈಯಲ್ಲಿದ್ದರೂ ಅಣ್ಣನ ಕೋಣೆಗೆ ಹೋಗಿ ಸ್ವಿಚ್ಚನ್ನು ಬೆರಳಿನಿಂದ ಮುಟ್ಟಿ ನೋಡದೆ ಒಂದಕ್ಷರ ಬರೆಯುತ್ತಿರಲಿಲ್ಲ. ವಾರಕ್ಕೊಮ್ಮೆ ಹಲಗೆ ಮುಚ್ಚಿ ಡಿಸ್ಕಿನ ಪ್ರತಿ ತೆಗೆಯುವುದನ್ನು ಮಾತ್ರ ಮತ್ತೆಂದೂ ಮುಂದೂಡಲಿಲ್ಲ.

ಅಂಥ ಒಂದು ಹೊತ್ತಿನಲ್ಲಿ ನಾನು ಮೇಲೆ ಹೋಗಿದ್ದೆ. ಪ್ರತಿ ತೆಗೆಯುವುದನ್ನು ಸೊಸೆ ನೋಡಿಕೊಳ್ಳುತ್ತಿದ್ದಳು. ತಂತಿಯಕ್ಕ ಮಂಚದ ಅಂಚಿನಲ್ಲಿ ನೆಟ್ಟಗೆ ಕುಳಿತಿದ್ದಳು, ಒಂದು ಅಂಗೈಯಲ್ಲಿ ಅಣ್ಣನ ಬೆರಳು, ಇನ್ನೊಂದರಲ್ಲಿ ಕೆಂಪು ಕ್ಲಿಪ್ಪು. ಹಣೆಯ ಮೇಲೆ ಬೆವರಿತ್ತು. ನಾನು ಅವನನ್ನು ಹೇಗಿದ್ದೀರಿ ಎಂದು ಕೇಳಲು ಬಾಯಿ ತೆರೆದೆ.

"ಈಗ ಕೇಳಬೇಡಿ" ಎಂದಳು. "ಉತ್ತರ ಕೊಡೋಕೆ ಅವನ ಹತ್ರ ಏನೂ ಇಲ್ಲ. ಕೂತ್ಕೊಳ್ಳಿ, ಮುಗಿಯಲಿ."

ಕುಳಿತೆ. ಮೂವರೂ ತೆರೆದ ಬಾಗಿಲಾಚೆ ಡಬ್ಬಿಯ ದೀಪ ನೋಡುತ್ತಾ ಇದ್ದೆವು. ಅವಳು ಅಣ್ಣನ ಮುಖವನ್ನೂ ದೀಪವನ್ನೂ ಸರದಿಯಲ್ಲಿ ನೋಡುತ್ತಿದ್ದಳು, ಮತ್ತು ಅವಳ ಅಂಗೈ ನಡುಗುವುದಕ್ಕೆ ಅದರಲ್ಲಿದ್ದ ಅವನ ಬೆರಳೂ ನಡುಗುತ್ತಿತ್ತು. ದೀಪ ಆರಿತು. ಸೊಸೆ ಹಲಗೆ ತೆರೆದಳು. ತಂತಿಯಕ್ಕ ಎದ್ದು ಕ್ಲಿಪ್ಪನ್ನು ಅವನ ಯಂತ್ರಕ್ಕೆ ಸಿಕ್ಕಿಸಿ, ಬೆನ್ನಿನ ಸ್ವಿಚ್ಚನ್ನು ಮೇಲಕ್ಕೆ ತಳ್ಳಿ, ಸರಿಯಾಗಿ ತಳ್ಳಿದೆಯೇ ಎಂದು ಮತ್ತೊಮ್ಮೆ ಮುಟ್ಟಿ ನೋಡಿ, ಅಡುಗೆಮನೆಗೆ ಹೋಗಿ ಪರದೆಯ ಮುಂದೆ ನಿಂತಳು, ಕುಂಯ್ ಎನ್ನುವುದನ್ನು ಕಾಯುತ್ತಾ.